ಒಂದು ಎಸೆತಕ್ಕೆ ಎಷ್ಟು ಬೀಳುತ್ತದೆ? ಬೌಲಿಂಗ್ ಅಭ್ಯಾಸದ ಬಿಲ್ಲಿನ ಲೆಕ್ಕ

ರಜೆಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಹೋದ ಮಕ್ಕಳು ಯಾವುದೋ ಮಾಲ್‌ನಲ್ಲಿ ಒಮ್ಮೆ ಬೌಲಿಂಗ್ ಆಡಿ ಬಂದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಮುಂದಿನ ವಾರ ಮತ್ತೆ ಹೋಗೋಣ ಅನ್ನುತ್ತಾರೆ, ಪ್ರಾಕ್ಟೀಸ್ ಮಾಡಿದರೆ ಇನ್ನೂ ಚೆನ್ನಾಗಿ ಆಡುತ್ತೇನೆ ಅನ್ನುತ್ತಾರೆ. ಆಗ ಅಪ್ಪ ಅಮ್ಮ ಹಳೆಯ ಬಿಲ್ ತೆಗೆದು ನೋಡುತ್ತಾರೆ. ಬೋರ್ಡಿನ ಮೇಲೆ ಗೇಮ್‌ಗೆ ಬರೆದಿದ್ದ ದರ ಒಂದು, ಜೇಬಿನಿಂದ ಹೋದ ದುಡ್ಡು ಇನ್ನೊಂದು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ, ಮೋಜಿಗಲ್ಲದೆ ಅಭ್ಯಾಸಕ್ಕೆಂದೇ ಹೋಗುವವರು ಯಾವ ಲೆಕ್ಕ ಹಿಡಿಯಬೇಕು ಎಂಬುದು ಇಲ್ಲಿದೆ.

ಬೌಲಿಂಗ್ ಎಂದರೆ ಕ್ರಿಕೆಟ್‌ನದಲ್ಲ. ಲಗೋರಿಯಲ್ಲಿ ಕಲ್ಲಿನ ಗೋಪುರಕ್ಕೆ ಚೆಂಡು ಬೀಸಿದಂತೆ, ಇಲ್ಲಿ ತ್ರಿಕೋನಾಕಾರದಲ್ಲಿ ನಿಲ್ಲಿಸಿದ 10 ಪಿನ್‌ಗಳ ಕಡೆಗೆ ಭಾರದ ಚೆಂಡನ್ನು ಉರುಳಿಸುವುದು. ಟೆನ್‌ಪಿನ್ ಬೌಲಿಂಗ್ ಎಂದು ಪೂರ್ತಿ ಹೆಸರು. ಮುಂದೆ ಬರುವ ರೂಪಾಯಿ ಅಂಕಿಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡವು, ಯಾವ ಸೆಂಟರ್‌ನ ದರಪಟ್ಟಿಯೂ ಅಲ್ಲ. ನೀವು ಹೋಗುವ ಕಡೆಯ ದರವನ್ನು ಅದೇ ಜಾಗದಲ್ಲಿ ಹಾಕಿಕೊಂಡರೆ ಆಯಿತು.

ಲೇನ್, ಫ್ರೇಮ್, ಗೇಮ್

ಚೆಂಡು ಉರುಳುವ ಪಟ್ಟಿಗೆ ಲೇನ್ ಎನ್ನುತ್ತಾರೆ. ಆಟಗಾರ ದಾಟಬಾರದ ಗೆರೆ ಫೌಲ್ ಲೈನ್. ಅಲ್ಲಿಂದ ಮುಂಚೂಣಿಯ ಪಿನ್‌ವರೆಗೆ 60 ಅಡಿ. ಲೇನ್‌ನ ಅಗಲ ಮೂರೂವರೆ ಅಡಿಗೆ ಕೊಂಚ ಕಡಿಮೆ. ಎರಡೂ ಬದಿಯಲ್ಲಿ ಚರಂಡಿಯಂಥ ಗಟರ್ ಇರುತ್ತದೆ, ಚೆಂಡು ಅದಕ್ಕೆ ಬಿದ್ದರೆ ಆ ಎಸೆತಕ್ಕೆ ಸೊನ್ನೆ.

ಒಂದು ಗೇಮ್ ಎಂದರೆ 10 ಫ್ರೇಮ್. ಪ್ರತಿ ಫ್ರೇಮ್‌ನಲ್ಲಿ ಹತ್ತು ಪಿನ್ ಬೀಳಿಸಲು ಎರಡು ಅವಕಾಶ. ಮೊದಲ ಎಸೆತಕ್ಕೇ ಹತ್ತೂ ಬಿದ್ದರೆ ಸ್ಟ್ರೈಕ್, ಫ್ರೇಮ್ ಅಲ್ಲಿಗೆ ಮುಗಿಯಿತು. ಎರಡನೆಯ ಎಸೆತದಲ್ಲಿ ಉಳಿದವೂ ಬಿದ್ದರೆ ಸ್ಪೇರ್. ಸ್ಪೇರ್ ಆದರೆ ಹತ್ತರ ಜೊತೆಗೆ ಮುಂದಿನ ಒಂದು ಎಸೆತದ ಅಂಕ ಸೇರುತ್ತದೆ, ಸ್ಟ್ರೈಕ್ ಆದರೆ ಮುಂದಿನ ಎರಡು ಎಸೆತಗಳದ್ದು. ಕೊನೆಯ ಫ್ರೇಮ್‌ನಲ್ಲಿ ಸ್ಟ್ರೈಕ್ ಅಥವಾ ಸ್ಪೇರ್ ಬಿದ್ದರೆ ಹೆಚ್ಚುವರಿ ಎಸೆತ ಸಿಗುತ್ತದೆ. ಹಾಗಾಗಿ ಒಂದು ಗೇಮ್‌ನಲ್ಲಿ ಹೆಚ್ಚೆಂದರೆ 21 ಎಸೆತ. ಎಲ್ಲವೂ ಸ್ಟ್ರೈಕ್ ಆದರೆ 12 ಎಸೆತಕ್ಕೇ ಆಟ ಮುಗಿದು 300 ಅಂಕ ಬರುತ್ತದೆ. ಆಟದಲ್ಲಿ ಇದಕ್ಕಿಂತ ದೊಡ್ಡ ಅಂಕ ಇಲ್ಲ.

ಈ ಎಸೆತಗಳ ಸಂಖ್ಯೆ ನೆನಪಿರಲಿ, ಬಿಲ್ಲಿನ ಗುಟ್ಟು ಅದರಲ್ಲೇ ಇದೆ.

ದುಡ್ಡು ಯಾವುದಕ್ಕೆ ಹೋಗುತ್ತದೆ

ಚೆಂಡು ಸವೆಯುವುದಿಲ್ಲ, ಪಿನ್ ಅಲ್ಲೇ ಇರುತ್ತದೆ, ಒಂದು ಆಟಕ್ಕೆ ಇಷ್ಟೊಂದು ಯಾಕೆ ಎಂದು ಹಲವರು ಕೇಳುತ್ತಾರೆ. ಮೊದಲ ಉತ್ತರ ಜಾಗ. ಓಡಿ ಬಂದು ಎಸೆಯಲು ಫೌಲ್ ಲೈನ್‌ಗೆ ಮುಂಚೆ ಕನಿಷ್ಠ 15 ಅಡಿಯ ಅಪ್ರೋಚ್ ಬೇಕು. ಗೆರೆಯಿಂದ ಪಿನ್‌ಗಳ ಕಟ್ಟೆಯ ತುದಿಗೆ ಸುಮಾರು 63 ಅಡಿ. ಅದರ ಹಿಂದೆ ಯಂತ್ರ, ಯಂತ್ರದ ಹಿಂದೆ ಮೆಕ್ಯಾನಿಕ್ ಓಡಾಡುವ ದಾರಿ. ಒಟ್ಟು 80 ಅಡಿ ಮೀರುತ್ತದೆ. ನಮ್ಮ ಕಡೆಯ 30×40 ಸೈಟನ್ನು ನೆನೆಸಿಕೊಳ್ಳಿ. ಅಂಥ ಎರಡು ಸೈಟುಗಳನ್ನು ಉದ್ದಕ್ಕೆ ಜೋಡಿಸಿದರೂ ಒಂದು ಲೇನ್‌ನ ಉದ್ದಕ್ಕೆ ಸಾಲದು. ನಡುವೆ ಒಂದೇ ಒಂದು ಕಂಬ ಬರುವಂತಿಲ್ಲ. ಬೆಂಗಳೂರಿನ ಮಾಲ್‌ನಲ್ಲಿ ಚದರಡಿ ಲೆಕ್ಕದಲ್ಲಿ ಇಷ್ಟು ಜಾಗಕ್ಕೆ ಬಾಡಿಗೆ ಕಟ್ಟಿ, ಮೇಲೆ ಎಸಿ ಓಡಿಸಬೇಕು. ಲೇನ್ ಮೇಲೆ ಯಾರೂ ಆಡದಿದ್ದರೂ ಈ ಖರ್ಚು ನಿಲ್ಲುವುದಿಲ್ಲ.

ಎರಡನೆಯದು ಯಂತ್ರ. ಒಂದು ಕಾಲದಲ್ಲಿ ಲೇನ್‌ನ ತುದಿಯಲ್ಲಿ ಹುಡುಗರು ಕೂತು ಬಿದ್ದ ಪಿನ್‌ಗಳನ್ನು ಕೈಯಿಂದ ನಿಲ್ಲಿಸುತ್ತಿದ್ದರು. 1950ರ ದಶಕದಲ್ಲಿ ಅಮೆರಿಕದಲ್ಲಿ ಸ್ವಯಂಚಾಲಿತ ಯಂತ್ರಗಳು ಬಂದು ಆ ಕೆಲಸ ಹೋಯಿತು. ಯಂತ್ರ ಮಾಡುವ ಕೆಲಸ ಸಣ್ಣದಲ್ಲ. ನಿಂತಿರುವ ಪಿನ್‌ಗಳನ್ನು ಮೇಲಕ್ಕೆತ್ತಿ, ಬಿದ್ದವನ್ನು ಗುಡಿಸಿ, ಎತ್ತಿದ್ದನ್ನು ಅದೇ ಜಾಗದಲ್ಲಿ ಇಳಿಸಿ, ಚೆಂಡನ್ನು ಲೇನ್‌ನ ಅಡಿಯ ಹಾದಿಯಲ್ಲಿ ವಾಪಸು ಕಳಿಸಬೇಕು. ಒಂದು ಸೆಟ್ ಲೇನ್ ಮೇಲಿರುವಾಗ ಇನ್ನೊಂದು ಸೆಟ್ ಯಂತ್ರದೊಳಗೆ ತಯಾರಾಗಬೇಕು, ಆದ್ದರಿಂದ ಒಂದು ಯಂತ್ರಕ್ಕೆ ಸುಮಾರು 20 ಪಿನ್ ಬೇಕು. ಒಂದೊಂದು ಪಿನ್ 15 ಅಂಗುಲ ಎತ್ತರ, ಒಂದೂವರೆ ಕಿಲೋ ಆಸುಪಾಸು ತೂಕ. ಒಳಗೆ ಮೇಪಲ್ ಮರ, ಹೊರಗೆ ಪ್ಲಾಸ್ಟಿಕ್ ಕವಚ. ದಿನವಿಡೀ ಏಟು ತಿಂದು ಕವಚ ಒಡೆಯುತ್ತದೆ, ಆಗ ಬದಲಿಸಬೇಕು.

ಈಗ ಹಲವು ಕಡೆ ದಾರದ ಪಿನ್ ಯಂತ್ರ ಬಂದಿದೆ. ಪ್ರತಿ ಪಿನ್‌ನ ನೆತ್ತಿಗೆ ದಾರ ಕಟ್ಟಿರುತ್ತದೆ, ಬಿದ್ದ ಮೇಲೆ ಸೂತ್ರದ ಗೊಂಬೆಯ ಹಾಗೆ ಮೇಲಕ್ಕೆ ಎಳೆದು ಮತ್ತೆ ಇಳಿಸುತ್ತದೆ. ಬಿಡಿಭಾಗ ಕಡಿಮೆ, ಕರೆಂಟು ಕಡಿಮೆ, ರಿಪೇರಿಯೂ ಕಡಿಮೆ. ಆದರೆ ದಾರ ಇರುವುದರಿಂದ ಪಿನ್‌ಗಳು ಹಾರಿ ಒಂದಕ್ಕೊಂದು ತಾಗುವ ರೀತಿ ಬೇರೆ. ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ 2023ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿತು, ಆದರೆ ಪ್ರತ್ಯೇಕ ವರ್ಗವಾಗಿ. ಅಭ್ಯಾಸಕ್ಕೆ ಹೋಗುವವರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟೇ: ಕೈ ಬೀಸುವುದು, ಹೆಜ್ಜೆ, ಗುರಿ ಕಲಿಯಲು ದಾರದ ಪಿನ್ ಏನೂ ಅಡ್ಡಿಯಿಲ್ಲ. ಅಲ್ಲಿ ಬಂದ ಅಂಕವನ್ನು ಬೇರೆ ಕಡೆಯ ಅಂಕದ ಜೊತೆ ಹೋಲಿಸಬೇಡಿ.

ಮೂರನೆಯದು ಎಣ್ಣೆ. ಲೇನ್‌ನ ಮೊದಲ 40 ಅಡಿ ಆಸುಪಾಸಿನವರೆಗೆ ತೆಳುವಾದ ಖನಿಜ ತೈಲ ಸವರಿರುತ್ತಾರೆ, ಕೊನೆಯ ಭಾಗ ಒಣಗಿರುತ್ತದೆ. ಪ್ರಮಾಣ ತೀರಾ ಕಡಿಮೆ, ಒಂದು ಲೇನ್‌ಗೆ 20ರಿಂದ 30 ಮಿಲಿಲೀಟರ್, ಅಂದರೆ ಒಂದು ಒಗ್ಗರಣೆಗೆ ಹಾಕುವಷ್ಟು. ಆದರೆ ಅದನ್ನು ಒಂದೇ ಹದಕ್ಕೆ ಹರಡಲು ಬೇರೆಯದೇ ಯಂತ್ರ ಬೇಕು, ಹಳೆಯ ಎಣ್ಣೆ ತೊಳೆಯಬೇಕು, ಆಳು ಬೇಕು.

ಒಟ್ಟಿನಲ್ಲಿ ನೀವು ಕೊಡುವ ದುಡ್ಡು ಆಟಕ್ಕಲ್ಲ, ಲೇನ್ ನಿಮ್ಮ ವಶದಲ್ಲಿರುವ ಹೊತ್ತಿಗೆ. ಗೇಮ್ ಲೆಕ್ಕದಲ್ಲಿ ಕೊಟ್ಟರೂ ಒಂದು ಗೇಮ್ ಇಷ್ಟು ನಿಮಿಷ ತಿನ್ನುತ್ತದೆ ಎಂಬ ಅಂದಾಜಿನ ಮೇಲೇ ಆ ದರ ನಿಂತಿರುತ್ತದೆ.

ಗೇಮ್ ಲೆಕ್ಕವೋ, ಗಂಟೆ ಲೆಕ್ಕವೋ

ಉಳುಮೆಗೆ ಟ್ರ್ಯಾಕ್ಟರ್ ಕರೆಸಿದವರಿಗೆ ಈ ಲೆಕ್ಕ ಹೊಸದಲ್ಲ. ಒಬ್ಬರು ಎಕರೆಗೆ ಇಷ್ಟು ಅನ್ನುತ್ತಾರೆ, ಇನ್ನೊಬ್ಬರು ಗಂಟೆಗೆ ಇಷ್ಟು ಅನ್ನುತ್ತಾರೆ. ಹೊಲ ಸಮತಟ್ಟಾಗಿದ್ದು ಉದ್ದುದ್ದ ಸಾಲು ಹೊಡೆಯುವಂತಿದ್ದರೆ ಗಂಟೆ ಲೆಕ್ಕ ಲಾಭ. ಬದು, ಬಂಡೆ, ಮೂಲೆ ಮುಡುಕು ಹೆಚ್ಚಿದ್ದರೆ ಎಕರೆ ಲೆಕ್ಕವೇ ವಾಸಿ, ಟ್ರ್ಯಾಕ್ಟರ್ ತಿರುಗಿಸುವ ಹೊತ್ತು ನಿಮ್ಮ ತಲೆಗೆ ಬರುವುದಿಲ್ಲ. ಬೌಲಿಂಗ್‌ನಲ್ಲಿಯೂ ಹಾಗೇ.

ಗೇಮ್‌ಗೆ 240 ರೂಪಾಯಿ, ಲೇನ್‌ಗೆ ಗಂಟೆಗೆ 1,200 ರೂಪಾಯಿ ಎಂದು ಇಟ್ಟುಕೊಳ್ಳೋಣ. 1,200ನ್ನು 240ರಿಂದ ಭಾಗಿಸಿದರೆ 5. ಒಂದು ಗಂಟೆಯಲ್ಲಿ ಐದಕ್ಕಿಂತ ಹೆಚ್ಚು ಗೇಮ್ ಮುಗಿಸಬಲ್ಲಿರಾದರೆ ಗಂಟೆ ಲೆಕ್ಕ, ಇಲ್ಲವಾದರೆ ಗೇಮ್ ಲೆಕ್ಕ. ಯಾವ ಸೆಂಟರ್‌ಗೆ ಹೋದರೂ ಈ ಒಂದು ಭಾಗಾಕಾರ ಸಾಕು.

ಒಬ್ಬರ ಒಂದು ಗೇಮ್‌ಗೆ 10 ನಿಮಿಷ ಎಂದು ಹಿಡಿಯಿರಿ. ಒಬ್ಬರೇ ನಿಂತು ಬಿಡುವಿಲ್ಲದೆ ಎಸೆದರೆ ಗಂಟೆಗೆ ಆರು ಗೇಮ್ ಆಗುತ್ತದೆ. ನಾಲ್ಕು ಜನ ಸ್ನೇಹಿತರು ಹೋದರೆ ಕತೆ ಬೇರೆ. ತಲಾ ಎರಡು ಗೇಮ್ ಅಂದರೆ ಎಂಟು ಗೇಮ್, ಲೆಕ್ಕಕ್ಕೆ 80 ನಿಮಿಷ. ನಡುವೆ ಸೆಲ್ಫಿ, ಫ್ರೆಂಚ್ ಫ್ರೈಸ್, ಯಾರ ಸರದಿ ಎಂಬ ಗದ್ದಲ, ಹೀಗೆ 100 ನಿಮಿಷ ಸಲೀಸಾಗಿ ಹೋಗುತ್ತದೆ. ಗೇಮ್ ಲೆಕ್ಕದಲ್ಲಿ 1,920 ರೂಪಾಯಿ. ಗಂಟೆ ಲೆಕ್ಕದಲ್ಲಿ ಎರಡು ಗಂಟೆಯ 2,400. ಅಲ್ಲಿಗೆ ಮೋಜಿಗೆ ಹೋಗುವ ಗುಂಪಿಗೆ ಗೇಮ್ ಲೆಕ್ಕ, ಒಂಟಿಯಾಗಿ ಅಭ್ಯಾಸ ಮಾಡುವವರಿಗೆ ಗಂಟೆ ಲೆಕ್ಕ ಸಾಮಾನ್ಯವಾಗಿ ಹೊಂದುತ್ತದೆ.

ಗಂಟೆ ಲೆಕ್ಕ ಹಿಡಿದವರು ಎಡವುವುದು ಶುರುವಿನಲ್ಲೇ. ಕೌಂಟರ್‌ನಲ್ಲಿ ಲೇನ್ ಆನ್ ಮಾಡಿದ ಗಳಿಗೆಯಿಂದ ಗಡಿಯಾರ ಓಡುತ್ತದೆ. ಆಮೇಲೆ ಶೂ ಹುಡುಕಿ, ಲೇಸ್ ಕಟ್ಟಿ, ಪರದೆಯಲ್ಲಿ ಹೆಸರು ತುಂಬಿ, ಚೆಂಡು ಆರಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. 1,200ರ ಲೆಕ್ಕದಲ್ಲಿ ಹತ್ತು ನಿಮಿಷಕ್ಕೆ 200 ರೂಪಾಯಿ. ಶೂ ಹಾಕಿ, ಚೆಂಡು ಆರಿಸಿ ಇಟ್ಟ ಮೇಲೆ ಲೇನ್ ಆನ್ ಮಾಡಿ ಎಂದು ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಆಟದ ನಡುವೆ ಪಿನ್ ಸಿಕ್ಕಿಕೊಂಡರೆ ಅಥವಾ ಚೆಂಡು ವಾಪಸು ಬರದಿದ್ದರೆ ತಕ್ಷಣ ಸಿಬ್ಬಂದಿಯನ್ನು ಕರೆದು, ನಿಂತ ಹೊತ್ತು ನೋಡಿಟ್ಟುಕೊಳ್ಳಿ. ಆ ನಿಮಿಷಗಳನ್ನು ಕೊನೆಯಲ್ಲಿ ಸೇರಿಸಿಕೊಡಿ ಎಂದು ಅಲ್ಲೇ ಹೇಳಬೇಕು. ಬಿಲ್ ಆದ ಮೇಲೆ ಹೇಳಿದರೆ ವಾದವಷ್ಟೇ ಉಳಿಯುತ್ತದೆ.

ಗಂಟೆಗೆ ಎಂದಾಗ ಅದು ಲೇನ್‌ಗೋ ತಲೆಗೋ ಎಂಬುದನ್ನೂ ಕೇಳಿಕೊಳ್ಳಿ. ತಲೆಗೆ ಎಂದಾದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು.

ಚೆನ್ನಾಗಿ ಆಡಿದಷ್ಟೂ ಎಸೆತ ಕಡಿಮೆ

ಇಲ್ಲೊಂದು ವಿಚಿತ್ರ ಇದೆ, ಹೊಸಬರು ಇದನ್ನು ಗಮನಿಸುವುದೇ ಇಲ್ಲ. ಗೇಮ್ ಲೆಕ್ಕದಲ್ಲಿ ದುಡ್ಡು ಕೊಟ್ಟಾಗ, ಆಟ ಸುಧಾರಿಸಿದಷ್ಟೂ ಒಂದೊಂದು ಎಸೆತ ದುಬಾರಿಯಾಗುತ್ತದೆ.

ಒಂದೂ ಸ್ಟ್ರೈಕ್ ಬೀಳದ, ಕೊನೆಯ ಫ್ರೇಮ್‌ನಲ್ಲಿ ಸ್ಪೇರೂ ಆಗದ ಹೊಸಬರಿಗೆ ಒಂದು ಗೇಮ್‌ನಲ್ಲಿ 20 ಎಸೆತ ಸಿಗುತ್ತದೆ. 240 ರೂಪಾಯಿಗೆ ಎಸೆತಕ್ಕೆ 12 ರೂಪಾಯಿ. ಮೊದಲ ಒಂಬತ್ತು ಫ್ರೇಮ್‌ಗಳಲ್ಲಿ ಐದು ಸ್ಟ್ರೈಕ್ ಹೊಡೆದು, ಹತ್ತನೆಯದರಲ್ಲಿ ಸ್ಪೇರ್ ಮಾಡಿದವರಿಗೆ ಐದು, ಎಂಟು, ಮೂರು ಸೇರಿ 16 ಎಸೆತ, ಒಂದಕ್ಕೆ 15 ರೂಪಾಯಿ. ಹನ್ನೆರಡೂ ಸ್ಟ್ರೈಕ್ ಹೊಡೆದವರಿಗೆ ಎಸೆತಕ್ಕೆ 20 ರೂಪಾಯಿ. ಗಂಟೆ ಲೆಕ್ಕದಲ್ಲಿ ಈ ತೊಂದರೆ ಇಲ್ಲ. ಬೇಗ ಮುಗಿದಷ್ಟೂ ಮುಂದಿನ ಗೇಮ್ ಬೇಗ ಶುರು.

ಅಭ್ಯಾಸಕ್ಕೆ ಹೋದವರು ಗೇಮ್‌ನಿಂದ ಪೂರ್ತಿ 20 ಎಸೆತ ಹಿಂಡಿಕೊಳ್ಳಲು ಒಂದು ದಾರಿ ಇದೆ. ಪಿನ್‌ಗಳಿಗೆ ಸಂಖ್ಯೆ ಇದೆ: ಮುಂದಿನದು 1, ಹಿಂದಿನ ಸಾಲಿನ ಎಡ ಮೂಲೆಯದು 7, ಬಲ ಮೂಲೆಯದು 10. ಮೊದಲ ಎಸೆತವನ್ನು ನಡುವಿಗೆ ಹಾಕದೆ ಬಲ ಮೂಲೆಯ 10ನೇ ಪಿನ್‌ಗೆ ಮಾತ್ರ ಗುರಿಯಿಡಿ, ಎರಡನೆಯದನ್ನು ಎಡ ಮೂಲೆಯ 7ಕ್ಕೆ. ಸ್ಟ್ರೈಕ್ ಬೀಳುವ ಸಂಭವ ಇಲ್ಲವೇ ಇಲ್ಲ ಎನ್ನಬಹುದು, ಆದ್ದರಿಂದ ಪ್ರತಿ ಫ್ರೇಮ್‌ನಲ್ಲಿ ಎರಡು ಎಸೆತ ಖಾತ್ರಿ. ಪರದೆಯ ಮೇಲೆ ಅಂಕ ನಾಚಿಕೆ ತರಿಸುವಷ್ಟು ಕಡಿಮೆ ಕಾಣುತ್ತದೆ, ಕಾಣಲಿ. ಪಂದ್ಯದಲ್ಲಿ ಅಂಕ ಹೆಚ್ಚಾಗಿ ಸೋರುವುದು ಉಳಿದ ಒಂದು ಪಿನ್ ಬೀಳಿಸಲಾಗದೆ, ಮೂಲೆಯ ಪಿನ್‌ಗಳೇ ಅದರಲ್ಲಿ ಕಷ್ಟದವು.

ಪ್ರತಿ ಎಸೆತಕ್ಕೂ ಹತ್ತು ಪಿನ್ ಹೊಸದಾಗಿ ನಿಲ್ಲಿಸುವ ಅಭ್ಯಾಸದ ಸೆಟ್ಟಿಂಗ್ ಕೆಲವು ಸ್ಕೋರಿಂಗ್ ವ್ಯವಸ್ಥೆಗಳಲ್ಲಿರುತ್ತದೆ. ಗಂಟೆ ಲೆಕ್ಕದಲ್ಲಿ ಆಡುವವರು ಅದನ್ನು ಕೇಳಿ ನೋಡಬಹುದು.

ಬೋರ್ಡಿನಲ್ಲಿ ಕಾಣದ ಬಾಬ್ತುಗಳು

ಶೂ ಬಾಡಿಗೆ ಮೊದಲನೆಯದು. ಬೌಲಿಂಗ್ ಶೂ ಸುಮ್ಮನೆ ಹಾಕಿಸುವುದಲ್ಲ. ಕೊನೆಯ ಹೆಜ್ಜೆಯಲ್ಲಿ ಕಾಲು ಜಾರಬೇಕು, ಹೊರಗಿನ ರಬ್ಬರ್ ಶೂ ಗಕ್ಕನೆ ಹಿಡಿದು ಮಂಡಿಗೆ ಏಟು ಬೀಳುತ್ತದೆ. ಹೊರಗಿನ ಮಣ್ಣು ಅಪ್ರೋಚ್ ಹಾಳು ಮಾಡುತ್ತದೆ ಎಂಬುದೂ ಕಾರಣ. ಸಾಕ್ಸ್ ಇಲ್ಲದೆ ಬಾಡಿಗೆ ಶೂ ಕೊಡುವುದಿಲ್ಲ. ಚಪ್ಪಲಿಯಲ್ಲಿ ಹೋದವರು ಅಲ್ಲೇ ಸಾಕ್ಸ್ ಕೊಳ್ಳಬೇಕಾಗುತ್ತದೆ. ಮನೆಯಿಂದ ಒಂದು ಜೊತೆ ಹಾಕಿಕೊಂಡು ಹೋದರೆ ಆ ಖರ್ಚು ಉಳಿಯಿತು, ನೆನಪಿಟ್ಟುಕೊಂಡರಾಯಿತು.

ಜಿಎಸ್‌ಟಿ ದರದೊಳಗೇ ಸೇರಿದೆಯೋ ಮೇಲೆ ಬೀಳುತ್ತದೋ ಕೇಳಿ. ಮಾಲ್‌ಗಳ ಗೇಮ್ ಝೋನ್‌ಗಳಲ್ಲಿ ದುಡ್ಡನ್ನು ಕಾರ್ಡಿಗೆ ತುಂಬಿಸಿಕೊಂಡು ಆಡುವ ಪದ್ಧತಿ ಇದೆ. ಸಾವಿರ ತುಂಬಿದರೆ ಇಷ್ಟು ಹೆಚ್ಚುವರಿ ಎಂದು ಕೊಡುತ್ತಾರೆ, ನೋಡಲು ಲಾಭ. ಬೆಂಗಳೂರಿನವರಿಗೆ ಅದು ಸರಿ. ತುಮಕೂರಿನಿಂದ ಮೂರು ತಿಂಗಳಿಗೊಮ್ಮೆ ಹೋಗುವವರ ಕಾರ್ಡಿನಲ್ಲಿ ಉಳಿದ 180 ರೂಪಾಯಿ ಯಾವ ಗೇಮ್‌ಗೂ ಸಾಲದೆ, ಅವಧಿ ಮುಗಿದು ಹೋಗುತ್ತದೆ. ತುಂಬುವ ಮೊದಲು ಅವಧಿ ಎಷ್ಟು, ಉಳಿದದ್ದು ವಾಪಸು ಸಿಗುತ್ತದೆಯೇ, ಕಾರ್ಡಿಗೇ ಬೇರೆ ದುಡ್ಡಿದೆಯೇ ಎಂದು ಕೇಳಬೇಕು. ಊಟ ಸೇರಿದ ಕಾಂಬೊ ಕೂಡ ಇದೇ ಜಾತಿಯದು. ಹಸಿವಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಬರ್ಗರ್‌ನ ದುಡ್ಡು ಗೇಮ್‌ನ ದುಡ್ಡಿನೊಳಗೆ ಅವಿತು ಕೂತಿರುತ್ತದೆ.

ಇನ್ನೊಂದು ಎಚ್ಚರ. ಗೇಮ್ ಝೋನ್‌ಗಳಲ್ಲಿ ಗಿಡ್ಡ ಲೇನ್‌ನ, ಬೆರಳು ತೂರಿಸುವ ತೂತಿಲ್ಲದ ಸಣ್ಣ ಚೆಂಡಿನ ಬೌಲಿಂಗ್ ಇರುವುದುಂಟು. ಮಕ್ಕಳಿಗೆ ಖುಷಿಯಾಗುತ್ತದೆ, ಅಗ್ಗವೂ ಹೌದು. ಆದರೆ 60 ಅಡಿಯ ಗುರಿ, ನಾಲ್ಕು ಹೆಜ್ಜೆಯ ಓಟ, ಭಾರದ ಚೆಂಡು ಯಾವುದೂ ಅಲ್ಲಿಲ್ಲ. ಅದು ಬೇರೆಯೇ ಆಟ. ಫೋನ್ ಮಾಡಿದಾಗ ಪೂರ್ತಿ ಉದ್ದದ ಲೇನ್ ಹೌದೋ ಎಂದು ಮೊದಲೇ ಕೇಳಿ.

ಯಾವ ಹೊತ್ತು ಅಗ್ಗ, ಯಾಕೆ ಅಗ್ಗ

ಖಾಲಿ ಬಸ್ಸು ಓಡಿದರೂ ಡೀಸೆಲ್ ಖರ್ಚಾಗುತ್ತದೆ, ಹತ್ತು ಜನ ಹತ್ತಿದರೆ ಅಷ್ಟಾದರೂ ಬಂತು. ವಾರದ ದಿನ ಬೆಳಿಗ್ಗೆ ಹನ್ನೊಂದು ಗಂಟೆಯ ಬೌಲಿಂಗ್ ಸೆಂಟರ್‌ನ ಸ್ಥಿತಿ ಅದೇ. ಬಾಡಿಗೆ, ಎಸಿ, ಸಂಬಳ ಹೇಗೂ ಓಡುತ್ತಿದೆ, ಲೇನ್ ಖಾಲಿ. ಹಾಗಾಗಿ ಸೋಮವಾರದಿಂದ ಗುರುವಾರದ ಹಗಲು ಹೊತ್ತಿನ ದರ ಶನಿವಾರ ಭಾನುವಾರದ ಸಂಜೆಗಿಂತ ಕಡಿಮೆ ಇರುವುದು ವಾಡಿಕೆ.

ಅಮೆರಿಕದಲ್ಲಿ ಈ ವ್ಯವಸ್ಥೆ ಇನ್ನೂ ಗಟ್ಟಿ. ಅಲ್ಲಿ ವಾರಕ್ಕೊಂದು ಸಂಜೆ ತಂಡಗಳು ಸೇರಿ ಆಡುವ ಲೀಗ್‌ಗಳಿವೆ, ಒಂದು ಸಂಜೆಗೆ ಸಾಮಾನ್ಯವಾಗಿ ತಲಾ ಮೂರು ಗೇಮ್. ಸೆಂಟರ್‌ಗೆ ಸಲ್ಲುವ ಗೇಮ್ ಶುಲ್ಕಕ್ಕೆ ಲೀನೇಜ್ ಎನ್ನುತ್ತಾರೆ. ಲೀಗ್ ಸದಸ್ಯರಿಗೆ ಬಿಡುವಿನ ವೇಳೆಯಲ್ಲಿ ಅಭ್ಯಾಸದ ಗೇಮ್‌ಗಳನ್ನು ಸಾರ್ವಜನಿಕ ದರಕ್ಕಿಂತ ಕಡಿಮೆಗೆ ಕೊಡುವ ಸೆಂಟರ್‌ಗಳು ಅಲ್ಲಿ ಬಹಳ. ವಾರ ವಾರ ತಪ್ಪದೆ ಬರುವ ಗಿರಾಕಿಯನ್ನು ಉಳಿಸಿಕೊಳ್ಳುವುದು, ಖಾಲಿ ಲೇನ್‌ನಿಂದ ಒಂದಿಷ್ಟು ಹುಟ್ಟಿಸಿಕೊಳ್ಳುವುದು, ಎರಡೂ ಒಟ್ಟಿಗೆ ಆಗುತ್ತದೆ. ನಮ್ಮಲ್ಲಿ ಹೆಚ್ಚಿನ ಸೆಂಟರ್‌ಗಳು ನಿಂತಿರುವುದು ಹುಟ್ಟುಹಬ್ಬ, ಆಫೀಸ್ ಔಟಿಂಗ್, ವಾರಾಂತ್ಯದ ಜನರ ಮೇಲೆ. ಅಭ್ಯಾಸದ ದರ ಎಂಬ ಸಾಲು ಬೋರ್ಡಿನಲ್ಲಿ ಕಾಣಿಸದೇ ಇರಬಹುದು. ಆದರೂ ವಾರದ ದಿನ ಹಗಲಲ್ಲಿ ಹೋಗಿ, ತಿಂಗಳಿಗೆ ಇಷ್ಟು ಗೇಮ್ ಆಡುತ್ತೇನೆ ಎಂದು ಮ್ಯಾನೇಜರ್ ಹತ್ತಿರ ನೇರವಾಗಿ ಮಾತಾಡುವುದರಲ್ಲಿ ತಪ್ಪೇನಿಲ್ಲ. ಖಾಲಿ ಲೇನ್‌ನ ಲೆಕ್ಕ ಅವರಿಗೂ ಗೊತ್ತಿರುತ್ತದೆ.

ಬೆಳಿಗ್ಗೆ ಎಣ್ಣೆ ಹೊಸದು, ಸಂಜೆಗೆ ಲೇನ್ ಕೆಟ್ಟಿರುತ್ತದೆ ಎಂಬ ಮಾತೂ ಕೇಳಿಬರುತ್ತದೆ. ನಿಜ, ಚೆಂಡು ಉರುಳಿದಂತೆಲ್ಲ ಎಣ್ಣೆ ಒಂದು ಕಡೆ ತೆಳುವಾಗಿ ಇನ್ನೊಂದು ಕಡೆ ಸರಿಯುತ್ತದೆ. ಚೆಂಡನ್ನು ತಿರುಗಿಸಿ ಎಸೆದು ಕೊನೆಯಲ್ಲಿ ಬಾಗಿಸುವವರಿಗೆ ಇದು ದೊಡ್ಡ ವಿಷಯ. ಸೆಂಟರ್‌ನ ಪ್ಲಾಸ್ಟಿಕ್ ಚೆಂಡಿನಿಂದ ನೇರವಾಗಿ ಎಸೆಯುವ ಹೊಸಬರಿಗೆ ಅಷ್ಟೇನೂ ತಟ್ಟದು. ಅವರು ಹೊಸ ಎಣ್ಣೆಗಾಗಿ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ.

ಬಸ್ ಚಾರ್ಜ್ ಸೇರಿಸಿದ ಮೇಲೆ

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಹೆದ್ದಾರಿಯ ಬಸ್ಸಿನಲ್ಲಿ ಮೆಜೆಸ್ಟಿಕ್‌ವರೆಗೆ ಕೂರುವ ಬದಲು ಮಾದಾವರದಲ್ಲಿ ಇಳಿದು ಮೆಟ್ರೊ ಹಿಡಿಯಬಹುದು, ಹಸಿರು ಮಾರ್ಗ 2024ರ ನವೆಂಬರ್‌ನಿಂದ ಅಲ್ಲಿಯವರೆಗೆ ಬಂದಿದೆ. ಕೋಲಾರದವರು ಹೊಸಕೋಟೆ ದಾಟಿ ಕೆ.ಆರ್.ಪುರದಲ್ಲಿ ನೇರಳೆ ಮಾರ್ಗ ಹಿಡಿಯುತ್ತಾರೆ. ಚಿಕ್ಕಬಳ್ಳಾಪುರದವರು ದೇವನಹಳ್ಳಿ, ಯಲಹಂಕ ದಾಟಿ ಹೆಬ್ಬಾಳದ ಕಡೆಯಿಂದ ಊರು ಹೊಗುತ್ತಾರೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲ. ಅಲ್ಲಿಗೆ ಅಭ್ಯಾಸಕ್ಕೆ ಹೋಗುವ ಹುಡುಗಿಗೂ ಅವಳ ಅಮ್ಮನಿಗೂ ಮೆಟ್ರೊ ಟಿಕೆಟ್ ಬಿಟ್ಟರೆ ಖರ್ಚಾಗುವುದು ಹೊತ್ತು ಮಾತ್ರ.

ಉಳಿದವರಿಗೆ ಪ್ರಯಾಣ, ಶೂ ಬಾಡಿಗೆ, ತಿಂಡಿ ಎಲ್ಲ ಸೇರಿ ಒಂದು ಸಲಕ್ಕೆ 500 ರೂಪಾಯಿ ಎಂದು ಇಟ್ಟುಕೊಳ್ಳಿ. ಎರಡು ಗೇಮ್ ಆಡಿ ಬಂದರೆ ಈ 500ರಲ್ಲಿ ಗೇಮ್‌ಗೆ 250 ಬೀಳುತ್ತದೆ. 240 ಸೇರಿಸಿ 490. ಗೇಮ್‌ಗೆ 19 ಎಸೆತ ಎಂದರೆ ಎಸೆತಕ್ಕೆ ಹೆಚ್ಚು ಕಡಿಮೆ 26 ರೂಪಾಯಿ. ನಾಲ್ಕು ಗೇಮ್ ಆಡಿದರೆ ಅದೇ 500 ನಾಲ್ಕಕ್ಕೆ ಹಂಚಿ ಗೇಮ್‌ಗೆ 365, ಎಸೆತಕ್ಕೆ 19 ರೂಪಾಯಿ. ದೂರದಿಂದ ಹೋಗುವವರಿಗೆ ಗೇಮ್‌ನ ದರದಲ್ಲಿ ಇಪ್ಪತ್ತು ರೂಪಾಯಿ ಕಡಿಮೆ ಇರುವ ಸೆಂಟರ್ ಹುಡುಕಿ ಊರೆಲ್ಲ ಸುತ್ತುವುದಕ್ಕಿಂತ, ಇಳಿಯುವ ಜಾಗಕ್ಕೆ ಹತ್ತಿರದ ಸೆಂಟರ್‌ನಲ್ಲಿ ಎರಡು ಗೇಮ್ ಹೆಚ್ಚು ಆಡುವುದೇ ಅಗ್ಗ. ತಿಂಡಿಯನ್ನು ಮಾಲ್‌ನಲ್ಲಿ ತಿನ್ನದೆ ಹೊರಡುವಾಗಲೇ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಲ್ಲಿ ಮುಗಿಸಿದರೆ ಇನ್ನೂ ಒಂದಿಷ್ಟು ಉಳಿದೀತು.

ಕೈ ಸೋತ ಮೇಲಿನ ಗೇಮ್

ಹಾಗಾದರೆ ಒಂದೇ ಸಲಕ್ಕೆ ಎಂಟು ಗೇಮ್ ಆಡಿಬಿಡೋಣವೇ? ಮೈ ಒಪ್ಪುವುದಿಲ್ಲ. ಚೆಂಡಿನ ಮೇಲೆ ಬರೆದ ಸಂಖ್ಯೆ ಅದರ ತೂಕ, ಪೌಂಡ್ ಲೆಕ್ಕದಲ್ಲಿ. ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ 6ರಿಂದ 16ರವರೆಗೆ ಸಿಗುತ್ತದೆ, ನಿಯಮದ ಪ್ರಕಾರ 16ಕ್ಕಿಂತ ಹೆಚ್ಚಿಲ್ಲ. 12 ಎಂದು ಬರೆದಿದ್ದರೆ 5.4 ಕಿಲೋ. ನಾಲ್ಕು ಗೇಮ್‌ನಲ್ಲಿ 76 ಎಸೆತ ಎಂದರೆ ಒಂದು ಕೈಯಿಂದ ಎತ್ತಿ ಬೀಸಿದ ಒಟ್ಟು ಭಾರ 410 ಕಿಲೋ, ಅಂದರೆ ಐವತ್ತು ಕಿಲೋದ ಎಂಟು ಮೂಟೆ. ರೂಢಿಯಿಲ್ಲದ ಕೈಗೆ ಇದು ಕಡಿಮೆ ಕೆಲಸವಲ್ಲ.

ಕೈ ಸೋತಾಗ ಮೊದಲು ಕೆಡುವುದು ಬಿಡುವ ಹೊತ್ತು. ಹೆಬ್ಬೆರಳು ಊದಿಕೊಂಡು ತೂತಿನಿಂದ ತಡವಾಗಿ ಹೊರಬರುತ್ತದೆ, ಚೆಂಡು ಲೇನ್ ಮೇಲೆ ಧಡ್ ಎಂದು ಬೀಳುತ್ತದೆ. ಅದನ್ನು ಸರಿಮಾಡಲು ಭುಜದಿಂದ ಬಲ ಹಾಕುತ್ತಾರೆ, ಆಗ ಕೈ ಅಡ್ಡಡ್ಡ ಬೀಸಿ ಗುರಿ ತಪ್ಪುತ್ತದೆ. ಈ ಸ್ಥಿತಿಯಲ್ಲಿ ಆಡಿದ ಗೇಮ್ ತಪ್ಪು ಚಾಳಿಯನ್ನೇ ಕಲಿಸುತ್ತದೆ. ಆರು ಗೇಮ್‌ಗೆ 1,440 ಕೊಟ್ಟು ಕೊನೆಯ ಎರಡು ಹೀಗೆ ಹಾಳಾದರೆ, ಉಪಯೋಗಕ್ಕೆ ಬಂದ ಒಂದೊಂದು ಗೇಮ್‌ಗೂ 360 ಕೊಟ್ಟ ಹಾಗಾಯಿತು. ಹೊಸಬರಿಗೆ ಮೂರು, ರೂಢಿಯಾದವರಿಗೆ ನಾಲ್ಕೈದು ಗೇಮ್ ಒಂದು ಹೊತ್ತಿಗೆ ಸಾಕು. ಗಂಟೆ ಲೆಕ್ಕದಲ್ಲಿ ಲೇನ್ ಹಿಡಿದಿದ್ದರೆ ಇಬ್ಬರು ಹಂಚಿಕೊಳ್ಳುವುದು ಒಳ್ಳೆಯ ಉಪಾಯ. ಒಬ್ಬರು ಎಸೆಯುವಾಗ ಇನ್ನೊಬ್ಬರ ಕೈಗೆ ಬಿಡುವು, ಲೇನ್ ಮಾತ್ರ ಸುಮ್ಮನಿರುವುದಿಲ್ಲ, ಖರ್ಚೂ ಅರ್ಧ.

ಚೆಂಡಿನ ಆಯ್ಕೆ ತಪ್ಪಿದರೆ ಈ ಸುಸ್ತು ಇನ್ನೂ ಬೇಗ ಬರುತ್ತದೆ. ಮೈತೂಕದ ಹತ್ತರಲ್ಲೊಂದು ಪಾಲು ಎಂಬ ಸೂತ್ರವನ್ನು ಬಹಳ ಕಡೆ ಹೇಳುತ್ತಾರೆ. ಶುರುವಿಗೆ ಅಂದಾಜು ಸಿಗುತ್ತದೆ, ಅಷ್ಟಕ್ಕೇ ಬಿಡಿ. ಹೆಬ್ಬೆರಳು ಪೂರ್ತಿ ಒಳಹೋಗಬೇಕು, ಸರಾಗವಾಗಿ ಹೊರಬರಬೇಕು. ನಡುಬೆರಳು, ಉಂಗುರ ಬೆರಳು ಎರಡನೆಯ ಗೆಣ್ಣಿನವರೆಗೆ ಕೂರಬೇಕು. ಹಾಗೆ ಹಿಡಿದಾಗ ಅಂಗೈ ಚೆಂಡಿಗೆ ಹತ್ತಿರವಿರಬೇಕು. ನಡುವೆ ದೊಡ್ಡ ಸಂದಿ ಉಳಿದರೆ ತೂತುಗಳ ಅಂತರ ನಿಮ್ಮ ಕೈಗೆ ಗಿಡ್ಡವಾಯಿತು. ಬೆರಳಿನಿಂದ ಹಿಂಡಿ ಹಿಡಿಯಬೇಕಾಗಿ ಬಂದರೆ ಆ ಚೆಂಡು ಬೇಡ. ಹೊಂದುವ ಚೆಂಡು ಸಿಕ್ಕಿದ ಮೇಲೆ ಅದರ ಬಣ್ಣ, ತೂಕ ಬರೆದಿಟ್ಟುಕೊಂಡರೆ ಮುಂದಿನ ಸಲ ಹುಡುಕುವ ಹೊತ್ತು ಉಳಿಯುತ್ತದೆ.

ಸ್ವಂತ ಶೂ, ಸ್ವಂತ ಚೆಂಡು

ಶೂ ಬಾಡಿಗೆ 50 ರೂಪಾಯಿ, ಸ್ವಂತ ಶೂ 3,000 ರೂಪಾಯಿ ಎಂದಾದರೆ 60 ಸಲ ಹೋದ ಮೇಲೆ ದುಡ್ಡು ಹುಟ್ಟುತ್ತದೆ. ತಿಂಗಳಿಗೊಮ್ಮೆ ಹೋಗುವವರಿಗೆ ಅದು ಐದು ವರ್ಷ. ಬೆಳೆಯುವ ಮಕ್ಕಳ ಕಾಲು ಅಷ್ಟು ದಿನ ಕಾಯುವುದಿಲ್ಲ. ವಾರಕ್ಕೊಮ್ಮೆ ಹೋಗುವ ದೊಡ್ಡವರಿಗೆ ಒಂದು ವರ್ಷ ಎರಡು ತಿಂಗಳಲ್ಲಿ ಸರಿಹೋಗುತ್ತದೆ.

ಸ್ವಂತ ಚೆಂಡಿನಿಂದ ಸೆಂಟರ್‌ನ ದರ ಇಳಿಯುವುದಿಲ್ಲ, ಅಲ್ಲಿ ಚೆಂಡಿಗೆ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲವಲ್ಲ. ಅದರ ಲಾಭ ಬೇರೆ, ನಿಮ್ಮ ಬೆರಳಿನ ಅಳತೆಗೇ ಕೊರೆಸಿದ ತೂತು. ಆದರೆ ಕೊರೆಯುವವರು ಬೆಂಗಳೂರಿನಲ್ಲಿ, ಐದಾರು ಕಿಲೋ ಹೊತ್ತು ಬಸ್ಸು ಹತ್ತುವವರು ನೀವು. ಎಸೆತ ಒಂದೇ ಹದಕ್ಕೆ ಬರುವ ತನಕ ಸೆಂಟರ್‌ನ ಚೆಂಡೇ ಸಾಕು.

ದುಡ್ಡಿಲ್ಲದೆ ಆಗುವ ಅಭ್ಯಾಸ

ಲೇನ್ ಮೇಲೆ ಮಾತ್ರ ಆಗುವ ಕೆಲಸ ಎರಡು: ಚೆಂಡು ಬಿಡುವುದು, ಬಿಟ್ಟ ಚೆಂಡು ಎಲ್ಲಿಗೆ ಹೋಯಿತೆಂದು ನೋಡುವುದು. ಲೇನ್ ಮೇಲೆ, ಫೌಲ್ ಲೈನ್‌ನಿಂದ 12ರಿಂದ 16 ಅಡಿ ಆಚೆ ಏಳು ಬಾಣದ ಗುರುತುಗಳಿವೆ. 60 ಅಡಿ ದೂರದ ಪಿನ್ ನೋಡುವ ಬದಲು ಹತ್ತಿರದ ಬಾಣಕ್ಕೆ ಗುರಿಯಿಡುವುದು ಸುಲಭ. ಎಲ್ಲಿ ನಿಂತೆ, ಯಾವ ಬಾಣದ ಮೇಲೆ ಹೋಯಿತು, ಎಷ್ಟು ಪಿನ್ ಉಳಿಯಿತು, ಈ ಮೂರನ್ನು ಫೋನಿನಲ್ಲಿ ಬರೆದುಕೊಂಡರೆ ಮುಂದಿನ ಸಲದ ಮೊದಲ ಗೇಮ್ ತಡಕಾಟದಲ್ಲಿ ಕಳೆಯುವುದಿಲ್ಲ.

ಹೆಜ್ಜೆ ಮತ್ತು ಕೈ ಬೀಸುವುದನ್ನು ತುಮಕೂರಿನ ಮಾಳಿಗೆಯ ಮೇಲೇ ಕಲಿಯಬಹುದು. ಬಲಗೈಯವರಿಗೆ ನಾಲ್ಕು ಹೆಜ್ಜೆಯ ಕ್ರಮ: ಬಲ, ಎಡ, ಬಲ, ಕೊನೆಗೆ ಎಡಗಾಲು ಜಾರಿ ನಿಲ್ಲಬೇಕು. ಮೊದಲ ಹೆಜ್ಜೆಯ ಜೊತೆಗೆ ಕೈ ಮುಂದೆ ಚಾಚಿ, ಎರಡನೆಯದಕ್ಕೆ ಕೆಳಗಿಳಿದು, ಮೂರನೆಯದಕ್ಕೆ ಹಿಂದಕ್ಕೆ ಹೋಗಿ, ನಾಲ್ಕನೆಯದಕ್ಕೆ ಮುಂದೆ ಬರಬೇಕು. ಕೈ ಗಡಿಯಾರದ ಲೋಲಕದಂತೆ ತನ್ನ ಭಾರಕ್ಕೇ ತೂಗಲಿ, ಬಲ ಹಾಕಬೇಡಿ. ಚೆಂಡಿನ ಬದಲು ಎರಡು ಲೀಟರ್‌ನ ನೀರಿನ ಬಾಟಲಿ ಹಿಡಿದರೆ ಭಾರದ ಅಂದಾಜು ಬರುತ್ತದೆ, ಕೈಯಿಂದ ಬಿಡಬೇಡಿ ಅಷ್ಟೇ. ಒದ್ದೆ ನೆಲದಲ್ಲಿ ಬೇಡ.

ಸೀಮೆಸುಣ್ಣದಲ್ಲಿ ಒಂದು ಅಡ್ಡಗೆರೆ ಎಳೆದು, ಅದಕ್ಕೆ ಬೆನ್ನು ಮಾಡಿ ನಾಲ್ಕೂವರೆ ಹೆಜ್ಜೆ ನಡೆದು ತಿರುಗಿ ನಿಲ್ಲಿ. ನೀವು ಹೊರಡುವ ಜಾಗ ಅದೇ. ಅಲ್ಲಿಂದ ಹತ್ತು ಸಲ ಬಂದು ನಿಂತು, ಕಾಲ ತುದಿ ಗೆರೆಗೆ ಎಷ್ಟು ಬೆರಳಿನಷ್ಟು ಹಿಂದೆ ನಿಂತಿತು ನೋಡಿ. ಒಂದು ಸಲ ಒಂದು ಗೇಣು ಹಿಂದೆ, ಇನ್ನೊಂದು ಸಲ ಗೆರೆಯಾಚೆ ಎಂದಾದರೆ ಹೆಜ್ಜೆಯ ಅಳತೆ ಇನ್ನೂ ಕೂತಿಲ್ಲ. ಮಾಳಿಗೆಯ ಮೇಲೆ ಗೆರೆ ದಾಟಿದರೆ ಏನೂ ನಷ್ಟವಿಲ್ಲ. ಲೇನ್ ಮೇಲೆ ದಾಟಿದರೆ ಎಣ್ಣೆಯ ಮೇಲೆ ಕಾಲಿಟ್ಟು ಜಾರುತ್ತೀರಿ, ಹತ್ತೂ ಪಿನ್ ಬಿದ್ದಿದ್ದರೂ ಅಂಕ ಸೊನ್ನೆ. ಆ ಎಸೆತದ 12 ರೂಪಾಯಿ ಮಾತ್ರ ಬಿಲ್ಲಿನಲ್ಲಿ ಇದ್ದೇ ಇರುತ್ತದೆ.